ಕೆಳದನಿ

ಮಾರ್ಚ್ 3, ಸೋಮವಾರ

ಲಿಫ್ಟ್ ರಿಪೇರಿ ಮಾಡುವವನನ್ನು ಲಿಫ್ಟೇ ಇಲ್ಲದ ಕಟ್ಟಡದ ಮೂರನೇ ಮಹಡಿಗೆ ಹೊತ್ತು ತಂದು ಹಾಕಿದ್ದಾರೆ. ನಗುವವರು ನಗಲಿ. ಗುರುವಾರ ಬಟ್ಟೆ ಅಂಗಡಿಯೊಂದರಲ್ಲಿ ಲಿಫ್ಟಿನ ಗುಂಡಿಗೆ ಇಳಿಯುವಾಗ ಏಣಿ ಜಾರಿತು. ಬಲಗಾಲಿನ ಮೂಳೆ ಎರಡು ಕಡೆ ಮುರಿದಿದೆ. ತೊಡೆಯಿಂದ ಬೆರಳಿನವರೆಗೆ ಪ್ಲಾಸ್ಟರ್. ಆರೇಳು ವಾರ ಕಾಲು ಊರುವ ಹಾಗಿಲ್ಲ.

ನನ್ನ ಬಾಡಿಗೆ ಕೋಣೆಯಲ್ಲಿ ಒಂದು ಲೋಟ ನೀರು ಕೊಡುವವರೂ ಇಲ್ಲ. ಅದಕ್ಕೇ ದೊಡ್ಡಮ್ಮ, ನನ್ನ ಅಮ್ಮನ ಅಕ್ಕ, ನನ್ನನ್ನು ಕೇಳದೆ ಆಸ್ಪತ್ರೆಯಿಂದ ನೇರ ಇಲ್ಲಿಗೆ ಕರೆತಂದಳು. ಪ್ರಾರ್ಥನಾ ಮನೆಯ ಹಾಡುಗುಂಪಿನ ನಾಲ್ವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಹತ್ತಿಸಿದರು. ಅವರಲ್ಲೊಬ್ಬನಾದ ಪೋಸ್ಟ್‌ಮ್ಯಾನ್ ಏದುಸಿರು ಬಿಡುತ್ತ ಹೇಳಿದ, "ಇಳಿಸೋ ದಿನ ಒಂದು ವಾರ ಮುಂಚೆ ಹೇಳಪ್ಪ. ಅಲ್ಲೀವರೆಗೆ ಊಟ ಸ್ವಲ್ಪ ಕಮ್ಮಿ ಮಾಡು."

ಮಲಗಿಸಿರುವುದು ಮುದುಕಿಯ ಮಂಚದ ಮೇಲೆ. ಮುದುಕಿ ಎಂದರೆ ಅಮ್ಮನ ಅಮ್ಮ. ತೊಂಬತ್ತಮೂರು ವರ್ಷ ಬದುಕಿ, ನಾಲ್ಕು ತಿಂಗಳ ಹಿಂದೆ ಸತ್ತಳು. ಒಂಬತ್ತನೇ ವಯಸ್ಸಿನಿಂದ ಹತ್ತೊಂಬತ್ತರವರೆಗೆ ನಾನು ಇಲ್ಲಿ ಬೆಳೆದೆ. ಹಾಗೆಂದು ಇದು ನನ್ನ ಮನೆಯಲ್ಲ.

ಇದು ಕಂಪನಿಯವರು ಕೊಟ್ಟ ಸರ್ವಿಸ್ ಡೈರಿ. ಯಾವ ಕಟ್ಟಡ, ಏನು ದೋಷ, ಏನು ಮಾಡಿದೆ ಎಂದು ದಿನಾ ಬರೆಯುವುದು ಹದಿನೈದು ವರ್ಷದ ರೂಢಿ. ಬರೆಯದಿದ್ದರೆ ಊಟ ಸೇರುವುದಿಲ್ಲ. ಬರೆಯುತ್ತೇನೆ. ಕಟ್ಟಡ: ಮುದುಕಿಯ ಮನೆ. ದೋಷ: ನಾನು ಇಲ್ಲಿರುವುದು. ಪರಿಹಾರ: ಸದ್ಯಕ್ಕಿಲ್ಲ.

ಮಾರ್ಚ್ 4, ಮಂಗಳವಾರ

ಕೋಣೆ ಹತ್ತು ಅಡಿ ಉದ್ದ, ಎಂಟು ಅಡಿ ಅಗಲ. ಒಂದು ಕಿಟಕಿ. ಅದರಾಚೆ ಪಕ್ಕದ ಕಟ್ಟಡದ ಗೋಡೆ, ಗೋಡೆಯ ಮೇಲೆ ನೀರಿನ ಪೈಪು. ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಪೈಪಿನ ಮೇಲೆ ಬಿಸಿಲು ಬೀಳುತ್ತದೆ, ಹೋಗುತ್ತದೆ. ಕಪಾಟಿನಲ್ಲಿ ಕಂದು ಕಾಗದದ ರಟ್ಟು ಹಾಕಿದ ಹಾಡಿನ ಪುಸ್ತಕಗಳು. ಬಟ್ಟೆಗಳಲ್ಲಿ ಇನ್ನೂ ಅವಳ ಸೋಪಿನ ವಾಸನೆ.

ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಫೋನಿನಲ್ಲಿ ಕಿರುಚಾಡುವಾಗ ನಾನು ಹೇಳುತ್ತಿದ್ದೆ, "ಗಾಬರಿ ಆಗ್ಬೇಡಿ, ಗಾಳಿ ಬೇಕಾದಷ್ಟಿದೆ, ಬಾಗಿಲು ತಳ್ಳೋಕೆ ಹೋಗ್ಬೇಡಿ." ಎಷ್ಟು ಸಲೀಸಾಗಿ ಹೇಳುತ್ತಿದ್ದೆ. ಯಾರಾದರೂ ಕೆನ್ನೆಗೆ ಬಾರಿಸಬೇಕಿತ್ತು.

ಮಾರ್ಚ್ 6, ಗುರುವಾರ

ಗುರುವಾರ ಸಂಜೆ ಈ ಮನೆಯ ಮುಂದಿನ ಕೋಣೆಯಲ್ಲಿ ಹಾಡುಗುಂಪಿನ ಅಭ್ಯಾಸ ಎಂಬುದನ್ನು ಮರೆತೇಬಿಟ್ಟಿದ್ದೆ. ಮುದುಕಿ ಐವತ್ತೇಳು ವರ್ಷ ಆ ಗುಂಪನ್ನು ನಡೆಸಿದಳು. ಈಗ ನಡೆಸುವವರಿಲ್ಲ, ಆದರೂ ಬರುತ್ತಾರೆ. ಹನ್ನೊಂದು ಜನ. ನಡುವೆ ಒಂದು ಗೋಡೆ, ಮುಚ್ಚದ ಬಾಗಿಲು, ಮತ್ತು ಎದ್ದು ಓಡಲಾಗದ ನಾನು.

ಹದಿನೈದು ವರ್ಷ ಮೋಟಾರಿನ ಸದ್ದು ಕೇಳಿಯೇ ಬೇರಿಂಗು ಸವೆದಿದೆಯೋ ಇಲ್ಲವೋ ಹೇಳಿದ ಕಿವಿ ಇದು. ಒಂದೊಂದು ಸಾಲಿಗೂ ಅವರ ಶ್ರುತಿ ಒಂದೊಂದು ಎಳೆ ಕೆಳಗೆ ಬೀಳುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಸಂಜೆ ಹಾಡನ್ನಂತೂ ರಾಗವನ್ನೇ ತಪ್ಪಾಗಿ ಹಾಡುತ್ತಾರೆ. ದಿಂಬನ್ನು ಕಿವಿಗೆ ಒತ್ತಿಕೊಂಡೆ. ದಿಂಬಿಗೂ ಅದೇ ಸೋಪಿನ ವಾಸನೆ.

ಮಾರ್ಚ್ 7, ಶುಕ್ರವಾರ

ಪ್ರಾರ್ಥನಾ ಮನೆಯ ಹಿರಿಯರು ಬಂದಿದ್ದರು. ಕಾಲಿನ ವಿಚಾರ ಎರಡು ನಿಮಿಷ, ಆಮೇಲೆ ನಿಜವಾದ ವಿಚಾರ.

"ಏಪ್ರಿಲ್ ಹದಿಮೂರಕ್ಕೆ ನಿಮ್ಮಜ್ಜಿ ನೆನಪಿಗೆ ಪ್ರಾರ್ಥನೆ ಇಟ್ಕೊಂಡಿದೀವಿ. ಅವರ ಬದುಕಿನ ಬಗ್ಗೆ ನೀವು ನಾಲ್ಕು ಮಾತು ಆಡ್ಬೇಕು."

"ದೊಡ್ಡಮ್ಮ ಆಡ್ತಾಳೆ."

"ನನ್ನಿಂದಾಗಲ್ಲಪ್ಪ. ಎದ್ದು ನಿಂತ್ರೆ ಬಾಯಿ ಒಣಗುತ್ತೆ," ಎಂದಳು ದೊಡ್ಡಮ್ಮ ಬಾಗಿಲಲ್ಲಿ ನಿಂತು.

"ನನಗೂ ಆಗಲ್ಲ," ಎಂದೆ. ಹಿರಿಯರು ನನ್ನ ಪ್ಲಾಸ್ಟರನ್ನು ಮೆಲ್ಲಗೆ ತಟ್ಟಿ, "ಯೋಚ್ನೆ ಮಾಡಿ. ಸದ್ಯಕ್ಕೆ ನೀವು ಎಲ್ಲೂ ಹೋಗೋದಿಲ್ಲವಲ್ಲ," ಎಂದು ನಕ್ಕು ಹೋದರು.

ಏನು ಹೇಳಲಿ? ಅಪ್ಪನನ್ನು ಮದುವೆಯಾಗುತ್ತೇನೆ ಎಂದಾಗ ಗುಂಪಿನವರೆಲ್ಲರ ಎದುರು ಅಮ್ಮನಿಗೆ, "ನಿನ್ನ ಹಾಡಿನ ಪುಸ್ತಕ ಇಟ್ಟು ಹೋಗು," ಎಂದಳು ಎಂದೇ? ಅಪ್ಪ ಪ್ರಾರ್ಥನೆಗೆ ಕಾಲಿಡದವನು, ಅಷ್ಟೇ ಅವನ ತಪ್ಪು. (ಆಮೇಲೆ ನನಗೆ ಎರಡು ವರ್ಷವಾದಾಗ ಅವನೂ ಎದ್ದು ಹೋದ, ಅದು ಬೇರೆ.) ಹತ್ತು ವರ್ಷ ಮಗಳ ಮುಖ ನೋಡಲಿಲ್ಲ ಎಂದೇ? ಅಮ್ಮ ಸತ್ತ ಬೆಳಿಗ್ಗೆ ಆಸ್ಪತ್ರೆಗೆ ಬಂದು, ಛತ್ರಿ ಹಿಡಿದು ನಿಂತು, ನನ್ನ ಕೈಹಿಡಿದು, "ನಡಿ," ಎಂದಳು. ಅಷ್ಟೇ. ಒಂದು ದಿನ ಮುಂಚೆ ಬರಲು ಏನಾಗಿತ್ತು? ಊಟ ಹಾಕಿದಳು, ಓದಿಸಿದಳು, ಹತ್ತು ವರ್ಷ ಅಮ್ಮನ ವಿಷಯ ಎತ್ತಲಿಲ್ಲ. ಇದನ್ನೆಲ್ಲ ಹೇಳಿದರೆ ಹಿರಿಯರ ನಗು ಎಲ್ಲಿರುತ್ತದೋ ನೋಡಬೇಕು.

ಮಾರ್ಚ್ 10, ಸೋಮವಾರ

ಪ್ಲಾಸ್ಟರಿನೊಳಗೆ ತುರಿಕೆ. ದೊಡ್ಡಮ್ಮ ಹೆಣಿಗೆ ಕಡ್ಡಿ ಕೊಟ್ಟಳು. ಇವತ್ತಿನ ಸಂತೋಷ ಇದೊಂದೇ.

ಮಾರ್ಚ್ 13, ಗುರುವಾರ

ತಡೆಯಲಾಗಲಿಲ್ಲ. ಎರಡನೇ ಹಾಡಿನ ಮೂರನೇ ಸಾಲಿಗೆ ಗಂಟಲು ಹರಿಯುವ ಹಾಗೆ ಕೂಗಿದೆ: "ಇಳೀತಿದೆ! ಇಳೀತಿದೆ!"

ಆಚೆ ಕೋಣೆಯಲ್ಲಿ ಹಾಡು ನಿಂತಿತು. ಆಮೇಲೆ ಗುಂಪಿನ ದರ್ಜಿ ಹೆಂಗಸು ಬಾಗಿಲಿನಿಂದ ಇಣುಕಿದಳು, ಮುಖ ಬಿಳಿಚಿಕೊಂಡಿತ್ತು. "ನೀವಾ? ನಾನು ಏನೋ ಅಂದ್ಕೊಂಡೆ," ಎಂದಳು. ಏನು ಅಂದುಕೊಂಡಳೋ ಹೇಳಲಿಲ್ಲ. ಮತ್ತೆ ಹಾಡಿದಾಗ ಸ್ವಲ್ಪ ಪರವಾಗಿಲ್ಲ ಎನಿಸಿತು.

ಮಾರ್ಚ್ 16, ಭಾನುವಾರ

ದೊಡ್ಡಮ್ಮನಿಗೆ ಸುಮ್ಮನೆ ಕೂರಲು ಬರುವುದಿಲ್ಲ. ಮಧ್ಯಾಹ್ನ ಇಸ್ತ್ರಿ ಮೇಜನ್ನು ನನ್ನ ಮಂಚದ ಪಕ್ಕಕ್ಕೆ ಎಳೆದುಕೊಂಡು, ಕೇಳದಿದ್ದರೂ ಅವಳಮ್ಮನ ಕಥೆ ತೆಗೆದಳು. ಮಲಗಿದವನು ಎಲ್ಲಿಗೆ ಹೋಗಲಿ? ಕೇಳಿದೆ.

ಮುದುಕಿಯ ಅಪ್ಪ ಪ್ರಾರ್ಥನಾ ಮನೆ ಗುಡಿಸುವವನಂತೆ. ಇವಳು ಏಳನೇ ವಯಸ್ಸಿನಿಂದ ಬೆಂಚು ಒರೆಸಲು ಹೋಗುತ್ತಿದ್ದಳು. ಗುಂಪು ಹಾಡುವಾಗ ಬೆಂಚಿನ ಕೆಳಗೆ ಕೂತು ಬಾಯಿ ಮುಚ್ಚಿಕೊಂಡು ಹಾಡುತ್ತಿದ್ದಳು, ಗುಡಿಸುವವನ ಮಗಳಿಗೆ ಸಾಲಿನಲ್ಲಿ ಜಾಗವಿರಲಿಲ್ಲ. ಹನ್ನೆರಡರಲ್ಲಿ ಒಂದು ದಿನ ಮೈಮರೆತು ಬಾಯಿ ತೆರೆದಳು. "ಬೆಂಚಿನಡಿ ಯಾರದು?" ಎಂದು ಆಗಿನ ಮುಖ್ಯಸ್ಥರು ಎಳೆದು ಬೆಂಚಿನ ಮೇಲೇ ನಿಲ್ಲಿಸಿದರಂತೆ.

ತಾತ ಬಸ್ ಕಂಡಕ್ಟರ್. ಅವರಿಗೆ ಹಾಡೂ ಒಂದೇ, ಹಾರ್ನೂ ಒಂದೇ. ಪ್ರತಿ ವಾರ ಕೊನೇ ಬೆಂಚಿನಲ್ಲಿ ಕೂತು ಕೇಳಿ, ಹೇಗಿತ್ತು ಎಂದರೆ, "ಜೋರಾಗಿತ್ತು," ಎನ್ನುತ್ತಿದ್ದರಂತೆ. ಮುದುಕಿ ಅದನ್ನು ನೆನೆದುಕೊಂಡು ವಾರವಿಡೀ ನಗುತ್ತಿದ್ದಳಂತೆ. ಅವಳು ನಕ್ಕಿದ್ದನ್ನು ನಾನು ಕಂಡಿಲ್ಲ.

"ನನಗಿಂತ ಮುಂಚೆ ಒಂದು ಗಂಡುಮಗು ಇತ್ತು, ಗೊತ್ತಾ? ಎರಡು ವರ್ಷಕ್ಕೆ ಜ್ವರದಲ್ಲಿ ಹೋಯ್ತು. ಅದೇ ವಾರ ಅಮ್ಮ ಹೋಗಿ ಹಾಡಿದಳು. ಕಲ್ಲೆದೆಯವಳು ಅಂತ ಜನ ಆಡ್ಕೊಂಡ್ರು. ನಾನೂ ದೊಡ್ಡೋಳಾದ ಮೇಲೆ ಕೇಳ್ದೆ, ಹೆಂಗೆ ಹಾಡಿದೆ ಅಂತ."

"ಏನಂದಳು?"

"ಹಾಡದೆ ಮನೇಲಿ ಕೂತಿದ್ರೆ ದೇವರ ಹತ್ರ ಮಾತೇ ಬಿಟ್ಟುಬಿಡ್ತಿದ್ದೆ. ಬೈಯೋಕಾದ್ರೂ ಹೋಗ್ಬೇಕಿತ್ತು, ಅಂದಳು."

ಇಸ್ತ್ರಿ ಪೆಟ್ಟಿಗೆಯ ಬಿಸಿಗೆ ಕೋಣೆ ಒಲೆಯಾಗಿತ್ತು. ಆದರೂ ದೊಡ್ಡಮ್ಮನನ್ನು ಎದ್ದು ಹೋಗು ಎನ್ನಲಿಲ್ಲ.

ಮಾರ್ಚ್ 20, ಗುರುವಾರ

ಅಭ್ಯಾಸ ಮುಗಿದ ಮೇಲೆ ದೊಡ್ಡಮ್ಮನಿಗೆ ಹೇಳಿದೆ, "ಶ್ರುತಿ ಹಾಳಾಗಿ ಹೋಗಲಿ, ಸಂಜೆ ಹಾಡನ್ನ ರಾಗವೇ ತಪ್ಪಿ ಹಾಡ್ತೀರಲ್ಲ."

"ನಾವಾ? ಅರವತ್ತು ವರ್ಷದಿಂದ ಹಾಡ್ತಿದೀನಿ. ನಿನ್ನದೇನು ಸರಿ, ಹೇಳು ನೋಡೋಣ."

ಬಾಯಲ್ಲೇ ಗುನುಗಿ ತೋರಿಸಿದೆ. ಎರಡು ಸಾಲು. ದೊಡ್ಡಮ್ಮನ ಕೈಯಲ್ಲಿದ್ದ ಪುಸ್ತಕಗಳು ಅಲ್ಲೇ ನಿಂತವು.

"ಅದು ರಾಗ ಅಲ್ಲ ಕಣೋ. ಅದು ಕೆಳದನಿ. ಆ ಹಾಡನ್ನ ಎರಡು ದನೀಲಿ ಹಾಡೋದು. ಮೇಲ್ದನಿ ಒಂದು ದಾರಿ, ಕೆಳದನಿ ಅದರಡಿ ಇನ್ನೊಂದು ದಾರಿ. ಈಗ ಕೆಳದನಿ ಹಾಡೋರೇ ಇಲ್ಲ." ಹತ್ತಿರ ಬಂದು ಕೇಳಿದಳು, "ಯಾರು ಹಾಡಿದ್ದು ಕೇಳಿದೀಯ?"

"ಅಮ್ಮ. ಅಡುಗೆ ಮಾಡುವಾಗೆಲ್ಲ ಹಾಡ್ತಿದ್ದಳು. ಆಸ್ಪತ್ರೇಲಿ ಕೊನೇ ಸಂಜೆ ಮಂಚದ ಮೇಲೆ ನನ್ನ ಕೂರಿಸ್ಕೊಂಡು ಪೂರ್ತಿ ಹಾಡಿದ್ದಳು."

ದೊಡ್ಡಮ್ಮ ಪುಸ್ತಕಗಳನ್ನು ಕಪಾಟಿಗಿಡದೆ ನನ್ನ ಕಾಲಬಳಿಯೇ ಬಿಟ್ಟು ಅಡುಗೆಮನೆಗೆ ಹೋದಳು. ಬಹಳ ಹೊತ್ತು ನಲ್ಲಿಯ ಸದ್ದು ಕೇಳುತ್ತಿತ್ತು. ತೊಳೆಯಲು ಪಾತ್ರೆಯೇ ಇರಲಿಲ್ಲ.

ಇಪ್ಪತ್ತೇಳು ವರ್ಷ, ಈ ಮನೆಯ ಗುರುವಾರಗಳನ್ನು ಕೇಳುತ್ತ ಬೆಳೆದಾಗಲೂ, ಅದೇ ರಾಗ, ಇವರದೇ ತಪ್ಪು ಎಂದುಕೊಂಡಿದ್ದೆನಲ್ಲ. ಅರ್ಧ ಹಾಡು.

ಮಾರ್ಚ್ 22, ಶನಿವಾರ

ಇದನ್ನು ಕೇಳಿದ ಹಾಗೆಯೇ ಬರೆದಿಡುತ್ತೇನೆ. ಬೆಳಿಗ್ಗೆ ಹಾಲಿನ ಲೋಟ ಕೊಟ್ಟು ದೊಡ್ಡಮ್ಮ ಮಂಚದ ತುದಿಯಲ್ಲಿ ಕೂತಳು.

"ಆ ಸಂಜೆ ನಾವು ಬಂದಿದ್ವಿ."

"ಯಾವ ಸಂಜೆ?"

"ನಿಮ್ಮಮ್ಮ ಹಾಡಿದ ಸಂಜೆ. ನಾನೂ ನಿಮ್ಮಜ್ಜೀನೂ. ಅಮ್ಮ ಆ ಆಸ್ಪತ್ರೆಯ ಲಾಂಡ್ರೀಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದ್ದಳಲ್ಲ, ಅಲ್ಲಿಯ ನರ್ಸ್ ಒಬ್ಬಳು ಹೇಳಿ ಕಳಿಸಿದ್ದಳು, ನಿಮ್ಮ ಮಗಳು ತುಂಬಾ ದಿನ ಇರಲ್ಲ ಅಂತ. ಅಮ್ಮ ಒಲೆ ಮೇಲಿದ್ದದ್ದನ್ನ ಇಳಿಸಿ ಹಂಗೇ ಹೊರಟಳು. ಬಸ್ಸಲ್ಲಿ ಒಂದು ಮಾತಿಲ್ಲ. ವಾರ್ಡಿನ ಬಾಗಿಲು ಅರ್ಧ ತೆರೆದಿತ್ತು. ಒಳಗಿಂದ ಹಾಡು ಕೇಳಿಸ್ತು."

ಹಾಲಿನ ಲೋಟವನ್ನು ಪಕ್ಕಕ್ಕಿಟ್ಟೆ.

"ಒಳಗೆ ಹೋಗಮ್ಮ ಅಂದೆ. ತಡಿ, ಹಾಡು ಮುಗೀಲಿ, ನನ್ನ ಕಂಡ್ರೆ ನಿಲ್ಲಿಸಿಬಿಡ್ತಾಳೆ ಅಂದಳು. ನಿಮ್ಮಮ್ಮ ಕೆಳದನಿ ಹಾಡ್ತಿದ್ದಳು. ಚಿಕ್ಕಂದಿನಿಂದ ಅದು ಅವಳದ್ದು, ಮೇಲ್ದನಿ ಅಮ್ಮಂದು. ಇಬ್ಬರೂ ಸೇರಿ ಹಾಡಿದ್ರೆ ಬೀದೀಲಿ ಹೋಗೋರು ನಿಂತು ಕೇಳ್ತಿದ್ರು. ಆವತ್ತು ಅಮ್ಮ ಗೋಡೆಗೆ ಒರಗಿ ತುಟಿ ಆಡಿಸ್ತಾ ನಿಂತಿದ್ದಳು. ಸದ್ದಿಲ್ಲ, ಬರೀ ತುಟಿ."

"ಮುಗಿದ ಮೇಲೆ?"

"ಗಂಟೆ ಹೊಡೀತು. ಹೊರಗಿನೋರು ಹೋಗೋ ಹೊತ್ತು. ನಿನ್ನ ಕರ್ಕೊಂಡು ಹೋಗೋಕೆ ನಿಮ್ಮ ಪಕ್ಕದ ಮನೆಯೋರು ಬರ್ತಿರೋದು ಕಾಣಿಸ್ತು. ಅಮ್ಮ ಅಂದಳು, ಹಾಡಿ ದಣಿದಿದಾಳೆ, ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೇ ಬರೋಣ ಅಂತ. ನಾನೂ ಹೂಂ ಅಂದೆ." ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನಾನು ಅವಳನ್ನ ಒಳಗೆ ತಳ್ಳಬೇಕಿತ್ತು. ನನ್ನ ಬದುಕಲ್ಲಿ ನಾನು ಅಮ್ಮಂಗೆ ಬರೀ ಹೂಂ ಅಂದಿದ್ದೇ ಆಯ್ತು."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಹೇಳಬೇಡ ಅಂದಿದ್ದಳು. ಬಾಗಿಲವರೆಗೆ ಬಂದೋಳು ಒಳಗೆ ಬರಲಿಲ್ಲ ಅಂತ ಆ ಮಗೂಗೆ ಗೊತ್ತಾದ್ರೆ ನನ್ನ ಕೈಯಿಂದ ಊಟ ಮಾಡಲ್ಲ ಅಂತ."

ಹಾಲು ಕೆನೆಗಟ್ಟಿತು. ಕುಡಿಯಲಿಲ್ಲ.

ಮಾರ್ಚ್ 23, ಭಾನುವಾರ

ಬರೆಯಲು ಏನೂ ಇಲ್ಲ.

ಮಾರ್ಚ್ 28, ಶುಕ್ರವಾರ

ಐದು ದಿನ ದೊಡ್ಡಮ್ಮನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಿನ್ನೆಯ ಅಭ್ಯಾಸಕ್ಕೆ ಬಾಗಿಲು ಮುಚ್ಚಿಸಿಕೊಂಡೆ. ಗೋಡೆಗಳು ಇನ್ನೂ ಹತ್ತಿರ ಬಂದಂತಿವೆ. ಕಾಲು ಸರಿಯಿದ್ದಿದ್ದರೆ ಎದ್ದು, ಬಾಗಿಲು ಬಡಿದು, ಊರೆಲ್ಲ ಸುತ್ತಿ ಬರುತ್ತಿದ್ದೆ. ಹತ್ತೊಂಬತ್ತರಲ್ಲಿ ಹಾಗೇ ಮಾಡಿದ್ದು. ಈಗ ಸಿಟ್ಟು ಬಂದರೆ ಮಗ್ಗುಲಾಗುವುದಕ್ಕೂ ಇನ್ನೊಬ್ಬರ ಕೈ ಬೇಕು. ಯಾರ ಮೇಲೆ ಸಿಟ್ಟೋ ಅವರ ಕೈಯೇ.

ಇಪ್ಪತ್ತಾರು ವರ್ಷ ಅಲ್ಲಿಯ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿದವಳು. ಒಂದು ಮಾತು ಅಂದಿದ್ದರೆ ಯಾವ ಗಂಟೆ, ಯಾವ ನರ್ಸು ತಡೆಯುತ್ತಿದ್ದರು? ಗಂಟೆ ಹೊಡೆಯಿತಂತೆ, ತಿರುಗಿ ಹೋದಳಂತೆ! ದೇವರನ್ನೇ ಬೈಯುವವಳಿಗೆ ಆಸ್ಪತ್ರೆಯ ಗಂಟೆ ಮೀರಲು ಧೈರ್ಯ ಸಾಲಲಿಲ್ಲವೇ?

ಅಥವಾ ಹೆದರಿದ್ದಳೇ? ಅಮ್ಮ ಮುಖ ತಿರುಗಿಸಿಕೊಂಡರೆ ಎಂದು?

ಅವಳಿಗೆ ಆಗ ಅರವತ್ತಾರು. ಅಮ್ಮನಿಗೆ ಮೂವತ್ತಾರು, ಈಗ ನನಗಿರುವಷ್ಟು.

ಏಪ್ರಿಲ್ 1, ಮಂಗಳವಾರ

ಹತ್ತು ಗಂಟೆಗೆ ಪೈಪಿನ ಮೇಲೆ ಬಿಸಿಲು ಬಿದ್ದಾಗ ದೊಡ್ಡಮ್ಮನನ್ನು ಕರೆದೆ. "ಮಧ್ಯಾಹ್ನ ಇಸ್ತ್ರಿ ಮಾಡಲ್ವಾ?" ಎಂದೆ.

"ಇಸ್ತ್ರಿಗೆ ಬಟ್ಟೆ ಇಲ್ಲ."

"ಇರೋದನ್ನೇ ಇನ್ನೊಂದ್ಸಲ ಮಾಡು. ನಿನ್ನಮ್ಮ ಬೆಳಿಗ್ಗೆ ಕಿಟಕಿ ಹತ್ರ ನಿಂತು ಏನು ಪ್ರಾರ್ಥನೆ ಮಾಡ್ತಿದ್ದಳು? ಗೋಡೆ ಆಚೆ ನನಗೆ ಗೊಣಗಾಟ ಅಷ್ಟೇ ಕೇಳಿಸ್ತಿತ್ತು."

"ಗೊಣಗಾಟವೇ ಅದು. 'ಸ್ವಾಮಿ, ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳ್ತಿದೀನಿ, ಬೇಜಾರು ಮಾಡ್ಕೋಬೇಡ' ಅಂತ ಶುರು. ಆಮೇಲೆ ದೂರು. ಕೊನೇಲಿ, 'ಹುಡುಗ ಊಟ ಸರಿಯಾಗಿ ಮಾಡ್ತಿಲ್ಲ, ಸ್ವಲ್ಪ ನೋಡು' ಅಂತ."

"ಯಾವ ಹುಡುಗ?"

ದೊಡ್ಡಮ್ಮ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದಳು.

ಏಪ್ರಿಲ್ 3, ಗುರುವಾರ

ಮಂಚವನ್ನು ಬಾಗಿಲ ಹತ್ತಿರಕ್ಕೆ ಎಳೆಸಿಕೊಂಡೆ. ಗಾಳಿಗಾಗಿ. ಅಲ್ಲಿಂದ ಮುಂದಿನ ಕೋಣೆ ಪೂರ್ತಿ ಕಾಣುತ್ತದೆ. ಹೇಗೂ ಕಾಣುತ್ತದಲ್ಲ ಎಂದು, ಪೋಸ್ಟ್‌ಮ್ಯಾನ್ ಉಸಿರು ಎಲ್ಲೆಲ್ಲೋ ಎಳೆಯುವುದನ್ನು ಹೇಳಿದೆ. ದರ್ಜಿ ಹೆಂಗಸಿಗೆ ಸಾಲಿನ ಕೊನೆಯನ್ನು ಕತ್ತರಿಸಬೇಡಿ ಎಂದೆ. "ಬಟ್ಟೆ ಅಂದ್ಕೊಂಡ್ರಾ?" ಎಂದು ನಾನು ಕೇಳಿದ್ದಕ್ಕೆ ಎಲ್ಲರೂ ನಕ್ಕರು. ಸಂಜೆ ಹಾಡನ್ನು ಆರು ಸಲ ಹಾಡಿಸಬೇಕಾಯಿತು. ಸದ್ದು ತಡೆಯಲಾಗದೆ ಮಾಡಿದ್ದು, ಬೇರೇನಲ್ಲ. ಎರಡು ಗಂಟೆ ಹೋದದ್ದೇ ಗೊತ್ತಾಗಲಿಲ್ಲ.

ಹೋಗುವಾಗ ಪೋಸ್ಟ್‌ಮ್ಯಾನ್, "ಕೆಳದನಿಗೆ ಒಬ್ಬರು ಬೇಕಿತ್ತು," ಎಂದ, ಯಾರಿಗೋ ಹೇಳುವಂತೆ.

ಏಪ್ರಿಲ್ 8, ಮಂಗಳವಾರ

ಹಿರಿಯರಿಗೆ ಫೋನ್ ಮಾಡಿ ಹೂಂ ಎಂದೆ. ಎರಡು ಪುಟ ಬರೆದಿದ್ದೇನೆ. ಬೆಂಚಿನ ಕೆಳಗಿನ ಹುಡುಗಿ, ತಾತನ "ಜೋರಾಗಿತ್ತು", ಲಾಂಡ್ರಿ, ಐವತ್ತೇಳು ವರ್ಷದ ಗುರುವಾರಗಳು. ಅಜ್ಜಿ ಸತ್ತ ದಿನದ ಬಗ್ಗೆ ದೊಡ್ಡಮ್ಮನನ್ನು ಕೇಳಿದೆ. ನಾನು ಬಂದದ್ದು ಮಣ್ಣು ಮಾಡುವ ಹೊತ್ತಿಗೆ, ಹಿಂದೆ ನಿಂತು ಹೋಗಿಬಿಟ್ಟಿದ್ದೆ.

ಮಧ್ಯಾಹ್ನ ಮೂರು ಗಂಟೆಯಂತೆ. ಎರಡು ದಿನದಿಂದ ಮಾತಿರಲಿಲ್ಲ. ಗುಂಪಿನವರು ಈ ಮಂಚದ ಸುತ್ತ ನಿಂತು ಅಳುತ್ತ ಹಾಡುತ್ತಿದ್ದರು. ಅಜ್ಜಿ ಒಂದು ಕಣ್ಣು ತೆರೆದು, "ಇಳೀತಿದೆ," ಎಂದಳಂತೆ. ಎಲ್ಲರೂ ಬೆಚ್ಚಿಬಿದ್ದು ಸರಿಮಾಡಿಕೊಂಡು ಹಾಡಿದರು. ಅದು ಮುಗಿಯುವಷ್ಟರಲ್ಲಿ ಅಜ್ಜಿ ಇರಲಿಲ್ಲ.

ದೊಡ್ಡಮ್ಮ ಹೇಳುತ್ತ ನಗಲು ಶುರುಮಾಡಿ ಅತ್ತಳು. ನಾನು ಅವಳ ಬೆನ್ನು ಸವರಿದೆ. ಆಸ್ಪತ್ರೆಯಲ್ಲಿ ಅಮ್ಮನ ಆ ಕೊನೇ ಸಂಜೆಯ ವಿಷಯ ಎರಡು ಪುಟದಲ್ಲಿ ಇಲ್ಲ.

"ಅದನ್ನ ಹೇಳ್ಲಾ ಬೇಡ್ವಾ?" ಎಂದು ಕೇಳಿದೆ.

ಯಾವಾಗಲೂ ತಕ್ಷಣ ಹೂಂ ಎನ್ನುವವಳು ಬಹಳ ಹೊತ್ತು ಯೋಚಿಸಿದಳು. "ಹೇಳು. ನನಗೆ ಹೊತ್ತು ಹೊತ್ತು ಸಾಕಾಗಿದೆ."

ಏಪ್ರಿಲ್ 13, ಭಾನುವಾರ

ಕುರ್ಚಿಯಲ್ಲಿ ಇಳಿಸಿದರು. ಆರು ವಾರದ ನಂತರ ಬೀದಿಯ ಗಾಳಿ, ಸೈಕಲ್ ಗಂಟೆ, ಬೇಕರಿಯ ವಾಸನೆ. ತಲೆ ಸುತ್ತಿತು.

ಪ್ರಾರ್ಥನಾ ಮನೆ ತುಂಬಿತ್ತು. ಎರಡು ಪುಟ ಓದಿದೆ. ತಾತನ ಮಾತಿಗೆ ನಕ್ಕರು. ಆಮೇಲೆ ಕಾಗದ ಮಡಿಸಿಟ್ಟು ವಾರ್ಡಿನ ಬಾಗಿಲಿನ ವಿಷಯ ಹೇಳಿದೆ.

ಹೀಗೆ ಹೇಳಿದೆ ಎಂದು ನೆನಪು: "ಅಜ್ಜಿ ನಮ್ಮಮ್ಮನ ವಿಷಯದಲ್ಲಿ ತಪ್ಪು ಮಾಡಿದಳು. ಅವಳ ಗುಣಗಾನ ಮಾಡೋವಾಗ ಇದನ್ನ ಬಿಟ್ಟುಬಿಟ್ರೆ ಅವಳಿಗೇ ಇಷ್ಟ ಆಗ್ತಿರಲಿಲ್ಲ, ತಪ್ಪಿದ ಸ್ವರ ಬಿಟ್ಟು ಮುಂದೆ ಹೋಗೋಕೆ ಅವಳು ಯಾರನ್ನೂ ಬಿಟ್ಟೋಳಲ್ಲ. ಆ ತಪ್ಪನ್ನ ನುಂಗಿಕೊಂಡು ನನ್ನ ಸಾಕಿದಳು. ಅವಳು ಒಂದು ಮಾತು ಹೇಳಬಹುದಿತ್ತು. ನಾನೂ ಒಂದು ಮಾತು ಕೇಳಬಹುದಿತ್ತು. ಇಬ್ಬರಿಗೂ ಬಾಯಿ ಬರಲಿಲ್ಲ."

ಕೂತೆ. ಗುಂಪು ಸಂಜೆ ಹಾಡು ಎತ್ತಿಕೊಂಡಿತು. ದೊಡ್ಡಮ್ಮನ ಮೇಲ್ದನಿ ನಡುಗುತ್ತಿತ್ತು, ಆದರೆ ಜಾರಲಿಲ್ಲ. ಎರಡನೇ ಚರಣದಿಂದ ನಾನು ಕೆಳದನಿ ಹಾಡಿದೆನಂತೆ. ಪೋಸ್ಟ್‌ಮ್ಯಾನ್ ಹೇಳಿದ್ದು. ನನಗೆ ಗೊತ್ತಾದದ್ದು ಇಷ್ಟೇ, ಹಾಡು ಪೂರ್ತಿ ಕೇಳಿಸುತ್ತಿತ್ತು.

ಏಪ್ರಿಲ್ 14, ಸೋಮವಾರ

ಬಾಡಿಗೆ ಕೋಣೆಯ ಯಜಮಾನ ಫೋನ್ ಮಾಡಿ, ಯಾವಾಗ ಬರ್ತೀರಿ ಎಂದ. ಗುರುವಾರ ಅಭ್ಯಾಸ ಇದೆ, ಆಮೇಲೆ ನೋಡೋಣ ಎಂದೆ.

ಏಪ್ರಿಲ್ 15, ಮಂಗಳವಾರ

ಪ್ಲಾಸ್ಟರ್ ತೆಗೆದರು. ಕಾಲು ಯಾರದೋ ಕಾಲಿನಂತೆ ಬಿಳಿಚಿ ಸಣಕಲಾಗಿದೆ. ಕೋಲು ಹಿಡಿದು ನಿಲ್ಲಿಸಿ, "ಮೆಲ್ಲಗೆ ನಡೀರಿ, ಎಲ್ಲಿಗೆ ಬೇಕಾದರೂ," ಎಂದರು ಡಾಕ್ಟರು.

ಅಮ್ಮ ಇದ್ದ ಅದೇ ಆಸ್ಪತ್ರೆ. ಹೆಂಗಸರ ವಾರ್ಡು ಮೇಲಿನ ಮಹಡಿಯಲ್ಲಿ. ದೊಡ್ಡಮ್ಮನ ಮುಖ ನೋಡಿದೆ, ಅವಳು ಏನೂ ಕೇಳದೆ ಬ್ಯಾಗು ಹೆಗಲಿಗೇರಿಸಿಕೊಂಡಳು. ಲಿಫ್ಟಿನಲ್ಲಿ ಹೋದೆವು. ಮೋಟಾರು ಚೆನ್ನಾಗಿತ್ತು.

ವಾರ್ಡಿನ ಬಾಗಿಲಿಗೆ ಹೊಸ ಬಣ್ಣ ಹೊಡೆದಿದ್ದಾರೆ. ದೊಡ್ಡಮ್ಮ ಬಂದು ಅಲ್ಲಿಯೇ, ಗೋಡೆಯ ಪಕ್ಕ ನಿಂತುಬಿಟ್ಟಳು. ಒಳಗಿನಿಂದ ಎಳೆ ವಯಸ್ಸಿನ ನರ್ಸ್ ಬಂದಳು.

"ನೋಡೋ ಹೊತ್ತು ಮುಗೀತಾ ಬಂತು. ಯಾರನ್ನ ನೋಡ್ಬೇಕಿತ್ತು?"

ನಾನು ಏನೋ ಹೇಳಲು ಹೊರಟೆ. ಅಷ್ಟರಲ್ಲಿ ದೊಡ್ಡಮ್ಮ, "ನನ್ನ ತಂಗೀನ," ಎಂದಳು.

"ಹೆಸರು?"

ದೊಡ್ಡಮ್ಮ ಅಮ್ಮನ ಹೆಸರು ಹೇಳಿದಳು. ಪೂರ್ತಿ ಹೆಸರು, ಕಾರಿಡಾರಿನಲ್ಲಿ ಹೋಗುತ್ತಿದ್ದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ.

ನರ್ಸ್ ಪಟ್ಟಿಯ ಮೇಲೆ ಬೆರಳಾಡಿಸಿದಳು, ಹಾಳೆ ತಿರುವಿ ಮತ್ತೆ ನೋಡಿದಳು. "ಆ ಹೆಸರಿನೋರು ಯಾರೂ ಇಲ್ಲವಲ್ಲ ಅಜ್ಜಿ."

"ಗೊತ್ತಮ್ಮ. ನಾವು ಬಂದದ್ದು ತಡವಾಯ್ತು. ಐದು ನಿಮಿಷ ಒಳಗೆ ನಿಂತು ಹೋಗ್ತೀವಿ."

ನರ್ಸ್ ಗೋಡೆ ಗಡಿಯಾರ ನೋಡಿದಳು, ನನ್ನ ಕೋಲು ನೋಡಿದಳು, ಆಮೇಲೆ ದೊಡ್ಡಮ್ಮನ ಮುಖ ನೋಡಿ ಪಕ್ಕಕ್ಕೆ ಸರಿದಳು. ಗಂಟೆ ಹೊಡೆಯಿತು. ನಾನು ದೊಡ್ಡಮ್ಮನ ಕೈ ಹಿಡಿದುಕೊಂಡೆ. ಒಳಗೆ ಹೋದೆವು.